ಶಾಲ್ಮಲಾಳ ಡಬ್ಬಿ

ಧಾರವಾಡದ ನಮ್ಮ ಬೇಸಿಗೆ ಶಿಬಿರದಲ್ಲಿ ಕೊನೆಯ ದಿನ ಡಬ್ಬಿ ಹಂಚುವುದು ನನ್ನ ಕೆಲಸ. ಮಕ್ಕಳು ಅಳದಿರಲೆಂದು ಮೊದಲ ದಿನವೇ ಅವರ ಮನೆಯ ಹಂಬಲವನ್ನೆಲ್ಲ ತೆಗೆದು, ಸ್ಟೀಲ್ ಡಬ್ಬಿಗಳಿಗೆ ತುಂಬಿ, ಹೆಸರು ಬರೆದು ಕಪಾಟಿನಲ್ಲಿಡುತ್ತೇವೆ. ಹೊರಡುವಾಗ ಮುಚ್ಚಳ ತೆಗೆದು ಮೂಸಿಸಿದರೆ ಸಾಕು, ಮಗು ಗೇಟಿನ ಕಡೆ ಓಡುತ್ತದೆ.

ಶಾಲ್ಮಲಾಳ ಡಬ್ಬಿ ಖಾಲಿಯಿತ್ತು. ಎರಡನೇ ವಾರ, ಮಕ್ಕಳೆಲ್ಲ ಈಜಲು ಹೋಗಿದ್ದಾಗ, ಅದನ್ನು ತೆರೆದು ಮೂಸಿದವಳು ನಾನೇ. ಅನಾಥಾಲಯದಲ್ಲಿ ಬೆಳೆದ ನನಗೆ ಮನೆಯ ಹಂಬಲ ಹೇಗಿರುತ್ತದೆಂದು ಒಮ್ಮೆ ನೋಡಬೇಕಿತ್ತು. ಒಂದು ಚೂರೆಂದು ಶುರುಮಾಡಿದ್ದು, ತಳ ಕಾಣುವವರೆಗೂ ಬಿಡಲಾಗಲಿಲ್ಲ. ಅಂದಿನಿಂದ, ಎಂದೂ ಕಾಣದ ಯಾರದೋ ಅಡುಗೆಮನೆಗಾಗಿ ದಿನವೂ ಬಚ್ಚಲಿನ ಬಾಗಿಲು ಹಾಕಿಕೊಂಡು ಅಳುತ್ತಿದ್ದೆ.

"ಅಕ್ಕೋರ, ನಂದ್ರಾಗ ವಾಸನೀನ ಬರವಲ್ದು," ಎಂದಳು ಶಾಲ್ಮಲಾ, ಕೊನೆಯ ದಿನ ಡಬ್ಬಿಗೆ ಮೂಗು ಹಚ್ಚಿ.

"ನೆಗಡಿ ಆಗೇತಿ ನಿನಗ," ಎಂದೆ. ಎಂಟು ವರ್ಷದ ಹುಡುಗಿ ನನ್ನನ್ನು ನಂಬಿ, ಒಣಗಿದ ಮೂಗನ್ನೇ ಒರೆಸಿಕೊಂಡಳು.

ಗೇಟಿನಲ್ಲಿ ಅವಳ ತಾಯಿ ಎರಡೂ ಕೈ ಚಾಚಿ ನಿಂತಿದ್ದಳು. ಉಳಿದ ಮಕ್ಕಳು ಚಪ್ಪಲಿಯನ್ನೂ ಮರೆತು ಓಡಿದ್ದರು. ಶಾಲ್ಮಲಾ ಮಾತ್ರ ನಿಂತಲ್ಲಿಂದ ಕದಲದೆ, "ನಾ ಇಲ್ಲೇ ಇರ್ತೇನಿ, ನೀ ಹೋಗಬೇ," ಎಂದಳು.

ತಾಯಿಯ ಕೈಗಳು ಮೆಲ್ಲನೆ ಕೆಳಗಿಳಿದವು. ಅವಳ ಸೆರಗಿಗೆ ಹುರಿದ ಶೇಂಗಾದ ವಾಸನೆಯಿರುವುದು ಅಷ್ಟು ದೂರದಿಂದಲೇ ನನಗೆ ಗೊತ್ತಿತ್ತು. ತಪ್ಪೊಪ್ಪಿಕೊಳ್ಳಲೆಂದೇ ಅವಳ ಕಡೆ ಹೆಜ್ಜೆಯಿಟ್ಟೆ. ನಾಲ್ಕನೇ ಹೆಜ್ಜೆಗೆ, ಎಲ್ಲರೂ ನೋಡುತ್ತಿದ್ದಂತೆ, ನಾನು ಓಡುತ್ತಿದ್ದೆ. ಬಾಯಿಂದ ಬಂದದ್ದು ಒಂದೇ ಮಾತು: "ಯವ್ವಾ."