ಎರವಲು ಕೈಗವಸು

ಬಾಣಂತಿಯರಿಗೆಲ್ಲ ತವರಿನಿಂದ ಅವ್ವನ ಕೈಗವಸು ಬರುತ್ತಿತ್ತು. ತೊಟ್ಟರೆ ಸಾಕು, ಅವ್ವನ ಕೈಗಳು ಕಲಿತದ್ದೆಲ್ಲ ಮಗಳ ಕೈಗೆ ಇಳಿಯುತ್ತಿತ್ತು. ಅವ್ವನ ಮುಖವನ್ನೇ ಕಾಣದೆ ಅನಾಥಾಲಯದಲ್ಲಿ ಬೆಳೆದ ಕಸ್ತೂರಿಗೆ ಮಾತ್ರ ಹೆರಿಗೆ ಆಸ್ಪತ್ರೆಯ ಕಪಾಟಿನಿಂದ ಯಾರದೋ ಹಳೆಯ ಜೋಡಿ ಸಿಕ್ಕಿತು.

ಅದನ್ನು ತೊಟ್ಟು ಬಚ್ಚಲಲ್ಲಿ ಕೂತು, ಚಾಚಿದ ಕಾಲ ಮೇಲೆ ಹನ್ನೊಂದು ದಿನದ ಮಗಳನ್ನು ಮಲಗಿಸಿಕೊಂಡಳು. "ಸಿಸ್ಟರ್, ಕೂಸು ಜಾರಿದ್ರ ಹೆಂಗ್ರೀ?"

"ಕೈ ಬಿಗಿ ಹಿಡೀಬ್ಯಾಡವ್ವ. ಎಲ್ಲಾ ಅವೇ ಮಾಡತಾವ," ಅಂದಳು ನರ್ಸ್ ಗುರುಸಿದ್ದವ್ವ.

ಮಾಡಿದವು. ಎಣ್ಣೆ ತಿಕ್ಕಿದವು, ಮೂಗು ನೀವಿದವು, ಕಣ್ಣಿಗೆ ನೀರು ಬೀಳದಂತೆ ಅಂಗೈ ಅಡ್ಡ ಹಿಡಿದು ತಲೆಗೆ ಹೊಯ್ದವು. ಮಗುವನ್ನು ಒರೆಸಿ ನರ್ಸಿನ ಮಡಿಲಿಗಿಟ್ಟ ಮೇಲೂ ನಿಲ್ಲಲಿಲ್ಲ. ಮತ್ತೆ ಎಣ್ಣೆ ಅದ್ದಿಕೊಂಡು, ಬಲಗಡೆ ಬರೀ ಗಾಳಿಯಲ್ಲಿ ತಡಕಾಡತೊಡಗಿದವು. ಕಸ್ತೂರಿ ನರ್ಸಿನ ಕಡೆ ತಿರುಗಿದಳು.

"ಏನ್ ಹುಡುಕಾಕತ್ತಾವ್ರೀ ಇವು?"

"ಈ ಕೈಗವಸಿನ ತಾಯಿಗೆ ದೊಡ್ಡ ಮಗಳೊಬ್ಬಾಕಿ ಇದ್ದಿರಬೇಕು. ಆಕಿ ತಲಿಗೆ ಎಣ್ಣಿ ಹಚ್ಚೂತನಕ ಬಿಡೂದಿಲ್ಲ. ತಗದುಬಿಡ್ಲೇನು?"

ಕಸ್ತೂರಿ ಬೇಡವೆಂದಳು. ಆಮೇಲೆ ಮೆಲ್ಲಗೆ ಬಲಕ್ಕೆ ಬಾಗಿ, ತನ್ನ ತಲೆಯನ್ನು ಆ ಕೈಗಳಿಗೆ ಒಪ್ಪಿಸಿದಳು.