ಮಣ್ಣೆತ್ತಿನ ಮಣ್ಣು

"ಸಾಹೇಬ್ರ, ಅಲ್ಲಿ ಸಲಾಕಿ ಊರಬ್ಯಾಡ್ರಿ!" ದಿಬ್ಬದ ಮೇಲಿಂದಲೇ ಸಾವಂತ್ರೆವ್ವ ಕೂಗಿಕೊಂಡಳು. ಹಳ್ಳದ ದಂಡೆಯಲ್ಲಿ ಕಬ್ಬಿಣದ ಸಲಾಕೆ ಇಳಿಸಿ ನೆಲ ಪರೀಕ್ಷಿಸುತ್ತಿದ್ದ ಇಂಜಿನಿಯರು ಬೆಚ್ಚಿ ತಿರುಗಿದ. ಅಂದು ಮಣ್ಣೆತ್ತಿನ ಅಮಾವಾಸ್ಯೆ. ಎತ್ತು ಮಾಡಲು ಮಣ್ಣು ಒಯ್ಯಲೆಂದು ಬುಟ್ಟಿ ಹಿಡಿದು ಬಂದವಳಿಗೆ, ತನ್ನ ದೇವರ ಜಗಲಿಯ ಮೇಲೆ ಯಾರೋ ಚಪ್ಪಲಿ ಕಾಲಿಟ್ಟ ಹಾಗಾಗಿತ್ತು. ಹಿಂದೆ ಸಲಿಕೆ ಹೊತ್ತು ಬರುತ್ತಿದ್ದ ಗಂಡ ಪರಮಣ್ಣ, "ಸುಮ್ನಿರು, ಸರಕಾರದ ಮಂದಿ" ಎಂದು ಗದರಿದ. ಅವಳು ಕೇಳುವ ಪೈಕಿಯಲ್ಲ.

ಇಂಜಿನಿಯರು ಗೋವೆಯದೇ ಕಾಣಕೋಣದವನು, ಕಾರವಾರದಲ್ಲಿ ಓದಿದವನು, ಕನ್ನಡ ಬರುತ್ತಿತ್ತು. "ಈ ಮಣ್ಣಲ್ಲಿ ಏನಮ್ಮ ಅಂಥದ್ದು?" ಎಂದು ನಕ್ಕ.

"ಇದು ನಮ್ಮೂರ ಎರಿ ಮಣ್ಣರೀ. ಹ್ಯಾಂಗ ಬಂತೋ ಏನೋ, ಇಲ್ಲಿಗೆ ಬಂದು ಕುಂತೈತಿ."

ಹಾಗೆನ್ನುವಾಗ ಅವಳ ಮುಖ ಅರಳಿತು. ವಿಜಾಪುರದ ಕಡೆಯ ಆ ಊರಲ್ಲಿ ಈ ದಿನ ಅಪ್ಪ ಹೊಲದಿಂದ ಕರಿ ಮಣ್ಣು ತರುತ್ತಿದ್ದ. ಅವ್ವ ಜೋಡೆತ್ತು ಮಾಡಿ, ಮುಂದೆ ಮೇವು ಹಾಕುವ ಗ್ವಾದಲಿಯೊಂದನ್ನು ಮಾಡಿ, ಜಗಲಿಯ ಮೇಲಿಟ್ಟು ಕಡಬಿನ ಎಡೆ ಹಿಡಿಯುತ್ತಿದ್ದಳು. ಓಣಿಯ ಹುಡುಗಿಯರೆಲ್ಲ ಕಾಲು ಮುರಿದ ಒಂದು ಮಣ್ಣೆತ್ತನ್ನು ಮಣೆಯ ಮೇಲಿಟ್ಟುಕೊಂಡು ಮನೆಮನೆಗೆ ಹೋಗಿ ಹಾಡು ಹೇಳಿ ಜೋಳ ಬೇಡುತ್ತಿದ್ದರು. ಎಲ್ಲರಿಗಿಂತ ದೊಡ್ಡ ಗಂಟಲು ಸಾವಂತ್ರಿಯದೇ. ಆ ಮಣ್ಣೋ, ನಾದಿದರೆ ಬೆಣ್ಣೆ!

ಗೋವೆಯ ಈ ಕೆಪೆಗೆ ದುಡಿಯಲು ಬಂದ ಮೊದಲ ವರ್ಷ ಇಲ್ಲಿನ ಕೆಂಪು ಮಣ್ಣಿನಲ್ಲೇ ಎತ್ತು ಮಾಡಿದ್ದಳು. ಪೂಜೆಗೆ ಮುಂಚೆಯೇ ಕೊಂಬು ಉದುರಿದವು, ಕಾಲು ಬಿರಿದವು. "ಇದು ಎತ್ತೋ ಹಂದಿಯೋ?" ಎಂದು ಪರಮಣ್ಣ ಚೇಷ್ಟೆ ಮಾಡಿದ್ದೇ ತಡ, ಎತ್ತಿನ ನೆಪದಲ್ಲಿ ಊರು ನೆನೆದು ಸೆರಗು ಮುಚ್ಚಿಕೊಂಡು ಅತ್ತಿದ್ದಳು. ಮರುವರ್ಷ ಅವನೇ ಒಂದು ಬುಟ್ಟಿ ಕರಿ ಮಣ್ಣು ತಂದು ಎದುರಿಗಿಟ್ಟ. "ಹಳ್ಳದ ದಂಡಿಗೆ ಸಿಕ್ತು" ಎಂದಷ್ಟೇ ಹೇಳಿದ. ಮೂಸಿದಳು; ಒಂಚೂರು ನಾರುತ್ತಿತ್ತು. ಊರ ಕೆರೆಯ ಹೂಳೂ ಹೀಗೇ ನಾರುತ್ತಿತ್ತಲ್ಲ ಎಂದುಕೊಂಡಳು. ಆ ವರ್ಷದ ಎತ್ತುಗಳು ಕೊಂಬೆತ್ತಿ ನಿಂತವು. ಅಂದಿನಿಂದ ದಿಬ್ಬದ ಮೇಲಿನ ಕೂಲಿಕಾರರ ವಸತಿಯ ಹೆಂಗಸರಿಗೆಲ್ಲ ಹಬ್ಬದ ಮಣ್ಣು ಇಲ್ಲಿಯದೇ.

"ಇಲ್ಲೇನ್ ಮಾಡಾಕತ್ತೀರಿ ನೀವು?"

"ಗಟಾರದ ನೀರು ಶುದ್ಧ ಮಾಡೋ ಘಟಕ ಬರ್ತದೆ. ಎಲ್ಲಿ ಅಂತ ಇನ್ನೂ ಪಕ್ಕಾ ಆಗಿಲ್ಲ, ಹಳ್ಳದ ಆಚೆ ಊರಿನವರಿಗೂ ಈಚೆ ನಿಮ್ಮ ಕೆಪೆಯವರಿಗೂ ಜಗಳ ನಡೆದಿದೆ. ಕೂಡಿ ಒಂದೇ ದೊಡ್ಡದು ಕಟ್ಟಿದರೆ ಅದು ಆಚೆ ಊರಲ್ಲಿ. ಬೇರೆ ಬೇರೆ ಕಟ್ಟಿದರೆ ನಿಮ್ಮದು ಇಲ್ಲೇ, ನೀವು ನಿಂತ ಜಾಗದಲ್ಲೇ."

"ಹಂಗಾರ ಕೂಡೇ ಕಟ್ರಿ! ಬ್ಯಾರಿ ಆಗಿ ಯಾರ ಮನಿ ಉದ್ಧಾರ ಆಗೇತ್ರಿ? ಕೈ ಮುಗೀತೇನಿ, ಈ ಮಣ್ಣೊಂದು ಉಳಸ್ರಿ."

"ಕೂಡಿ ಕಟ್ಟಿದರೂ ಇದು ಉಳಿಯೋದಿಲ್ಲಮ್ಮ." ಅವನ ದನಿ ಮೆತ್ತಗಾಯಿತು. "ನಮ್ಮ ಗೋವೆಯ ಮಣ್ಣು ಕೆಂಪು. ಇದು ಕಪ್ಪಾಗಿದ್ದು ನಿಮ್ಮ ವಸತಿಯ ಗಟಾರದಿಂದ. ಮೇಲಿನ ಹೊಲಸೆಲ್ಲ ವರ್ಷಗಟ್ಟಲೆ ಹರಿದು ಬಂದು ಇಲ್ಲಿ ತಂಗಿದೆ. ಪೈಪು ಹಾಕಿದ ಮೇಲೆ ಆ ನೀರು ಇತ್ತ ಬರೋದಿಲ್ಲ. ಇರೋದನ್ನೂ ಕೆರೆದು ಸಾಗಿಸ್ತಾರೆ." ಅಷ್ಟರಲ್ಲಿ ಅವನ ಮೊಬೈಲು ಬಡಿದುಕೊಂಡಿತು. ತಗ್ಗಿನಲ್ಲಿ ರೇಂಜು ಸಿಗದೆ ಹಲೋ ಹಲೋ ಎನ್ನುತ್ತ ದಿಬ್ಬ ಹತ್ತಿ ಹೋದ.

ಸಾವಂತ್ರೆವ್ವ ಬುಟ್ಟಿ ಕೆಳಗಿಟ್ಟು ಗಂಡನ ಕಡೆ ತಿರುಗಿದಳು. "ಜಗಲಿ ಮ್ಯಾಲಿಟ್ಟು ಕಡಬು ಉಣಿಸೀನಲ್ರೀ ನಾನು… ನಿಮಗ ಗೊತ್ತಿತ್ತೇನು?"

ಪರಮಣ್ಣ ಸಲಿಕೆಯ ತುದಿಯಿಂದ ನೆಲ ಕೆರೆಯುತ್ತ ನಿಂತ. "ಗೊತ್ತಿತ್ತು. ಆ ಗಟಾರ ತೋಡಿದಾಂವ ನಾನ."

"ಮತ್ತ ಇಷ್ಟ್ ವರ್ಷ ಬಾಯಿ ಬಿಡಲಿಲ್ಲ?"

"ಹ್ಯಾಂಗ ಬಿಡ್ಲಿ? ಆ ಮಣ್ಣು ಕೈಯಾಗ ಹಿಡದು ನಕ್ಕಿದ್ದಿ. ಊರು ಬಿಟ್ಟ ಮ್ಯಾಲೆ ನೀ ನಕ್ಕಿದ್ದು ಅದ ಮೊದಲು."

ಅವಳಿಗೆ ಅವನನ್ನು ಬಯ್ಯಬೇಕೋ ತಬ್ಬಿಕೊಳ್ಳಬೇಕೋ ತಿಳಿಯಲಿಲ್ಲ. ಮಳೆ ಹನಿಯತೊಡಗಿತ್ತು. "ನಡಿ ಮನಿಗೆ, ಈ ಸಲ ಹಿಟ್ಟಿನ ಎತ್ತು ಮಾಡಿದ್ರಾತು" ಎಂದು ಅವನು ಬುಟ್ಟಿಗೆ ಕೈ ಹಾಕಿದ.

ಸಾವಂತ್ರೆವ್ವ ಅಲ್ಲೇ ಕುಕ್ಕರಗಾಲಲ್ಲಿ ಕುಳಿತಳು. ಒಂದು ಚಿಟಿಕೆ ಮಣ್ಣು ತೆಗೆದು ಬೆರಳಲ್ಲಿ ತಿಕ್ಕಿದಳು. ಅದೇ ಬೆಣ್ಣೆ. ಅಕ್ಕಿ ತೊಳೆದ ನೀರು, ಹಬ್ಬಹಬ್ಬದ ಮುಸುರೆ, ಇಲ್ಲೇ ಹುಟ್ಟಿದ ಮಕ್ಕಳಿಗೆ ಎರೆದ ನೀರು, ಕೆಲಸ ಮುಗಿಸಿ ಬಂದು ಇವನು ಮೈ ತೊಳೆದ ನೀರು, ಎಲ್ಲ ಹರಿದು ಬಂದದ್ದು ಇಲ್ಲಿಗೇ.

"ಗೋವಾದಾಗ ನಮ್ದು ಅಂತ ಒಂದು ಹಿಡಿ ಮಣ್ಣಿಲ್ಲ ಅಂತ ಅಳತಿದ್ದೆ ನೋಡ್ರಿ" ಎಂದಳು. "ಇಲ್ಲೇ ಇತ್ತು. ನಾವ ಮಾಡಿದ್ದು." ಬುಟ್ಟಿಯನ್ನು ಅವನ ಕಾಲ ಬಳಿ ಸರಿಸಿದಳು. "ಸಲಿಕಿ ಹಾಕ್ರಿ. ಆ ಎರಡೂ ಊರಿನವರು ಕೂಡತಾರೋ ಬ್ಯಾರಿ ಆಗತಾರೋ, ಜಗಳಾ ಮುಗಿಯೂದ್ರಾಗ ಮುಂದಿನ ವರ್ಷದ್ದೂ ತುಂಬಿ ಇಟಗೊಳ್ಳೂಣು."