ಹೆಸರು ಕೆತ್ತಿದವರು

ಬೆಟ್ಟದ ಮೇಲಿನ ಕೋಟೆಯನ್ನು ಐನೂರು ವರ್ಷಗಳ ಹಿಂದೆ ಹೇಗಿತ್ತೋ ಹಾಗೆಯೇ ದುರಸ್ತಿ ಮಾಡಿದ್ದರು. ಬುರುಜುಗಳಿಗೆ ಹೊಸ ಗಾರೆ ಬಂದಿತ್ತು, ಬಿದ್ದ ಕಮಾನುಗಳು ಮತ್ತೆ ಎದ್ದು ನಿಂತಿದ್ದವು. ಹೆಬ್ಬಾಗಿಲಿನ ಕಲ್ಲುಗೋಡೆಯೊಂದೇ ಬಾಕಿ. ಅದರ ತುಂಬ ಬಂದುಹೋದವರು ಕೊರೆದ ಹೆಸರುಗಳು, ಬಾಣ ಚುಚ್ಚಿದ ಹೃದಯಗಳು, ನಡುನಡುವೆ ಒಣಗಿದ ಗುಟ್ಕಾ ಉಗುಳು.

ಕೆಲಸ ನೋಡಲು ಬಂದ ಅಧಿಕಾರಿ ಮೂಗಿಗೆ ಸೆರಗು ಅಡ್ಡ ಹಿಡಿದಳು.

"ಥೂ! ಇದೇನು ಇವರ ಅಪ್ಪನ ಮನೆ ಗೋಡೆನಾ? ನೋಡಿದ್ರೆ ವಾಂತಿ ಬರುತ್ತೆ. ಎಲ್ಲ ಉಜ್ಜಿ ತೆಗೆಸಿಬಿಡ್ರಿ ಮೇಸ್ತ್ರಿ."

"ಎಲ್ಲಾನೂ ತೆಗೀಬೇಕಾ ಮೇಡಂ?"

"ನಾಚಿಕೆಗೆಟ್ಟವರು! ಒಬ್ಬನ ಹೆಸರೂ ಉಳಿಬಾರ್ದು."

ಮುಂದಿನ ವಾರ ಬಂದಾಗ ಗೋಡೆ ನುಣ್ಣಗೆ ಹೊಳೆಯುತ್ತಿತ್ತು. ಅವಳು ಖುಷಿಯಿಂದ ಅದರ ಮೇಲೆ ಕೈಯಾಡಿಸುತ್ತ ಬಾಗಿಲ ಬಲಗಡೆಗೆ ಬಂದವಳು ಗಕ್ಕನೆ ನಿಂತಳು.

"ಮೇಸ್ತ್ರಿ, ಈ ಕೋಟೆ ಕಟ್ಟಿಸಿದ್ದು ನಾನೇ ಅಂತ ದೊರೆ ಕೆತ್ತಿಸಿದ್ದ ಶಾಸನ ಇಲ್ಲೇ ಇತ್ತಲ್ಲ?"

ಮೇಸ್ತ್ರಿ ಮುಖ ಸಿಂಡರಿಸಿದ.

"ಅವ್ನೇ ಮೇಡಂ ಎಲ್ರಿಗಿಂತ ನಾಚ್ಕೆಗೆಟ್ಟೋನು. ಬೇರೆಯವ್ರು ಒಂದೊಂದು ಹೆಸರು ಕೊರ್ದಿದ್ರೆ, ಅವ್ನು ಅರ್ಧ ಗೋಡೇನೇ ಹೊಲಸು ಮಾಡಿದ್ದ."